ಅದೇ ಟ್ಯೂಬ್ ನಿಮ್ಮ ಕೈಗೆ ಔಷಧ, ನಿಮ್ಮ ಮನೆಯವರ ತೊಡೆಗೆ ಯಾಕಲ್ಲ?

ಪ್ರಶ್ನೆ: ನನಗೆ 36 ವರ್ಷ. ಹಾವೇರಿ ಹತ್ತಿರ ನಮ್ಮದೊಂದು ಸಣ್ಣ ಖಾನಾವಳಿ ಇದೆ. ದಿನವಿಡೀ ಬೆಳ್ಳುಳ್ಳಿ, ಉಳ್ಳಾಗಡ್ಡಿ ಹೆಚ್ಚುವುದು, ಪಾತ್ರೆ ತೊಳೆಯುವುದು. ಕಳೆದ ವರ್ಷ ಎರಡೂ ಕೈಬೆರಳು ಸೀಳಿ, ಹಳದಿ ನೀರು ಸೋರುತ್ತಿತ್ತು. ಸ್ಕಿನ್ ಡಾಕ್ಟರ್ 10 ಗ್ರಾಂನ ಒಂದು ಟ್ಯೂಬ್ ಬರೆದು, ದಿನಕ್ಕೆರಡು ಸಲ 10 ದಿನ ಹಚ್ಚಿ ಅಂದರು. ಪೂರ್ತಿ ವಾಸಿಯಾಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಅಂದಿನಿಂದ ಅದೇ ಚೀಟಿ ತೋರಿಸಿ ತಂದು ಹಚ್ಚುತ್ತಿದ್ದೇನೆ. ನಮ್ಮ ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ. ತೊಡೆಸಂದಿಯಲ್ಲಿ ತುರಿಕೆ ಅಂತ ಅವರೂ ಇದನ್ನೇ ಹಚ್ಚಿದರು. ಮೂರು ದಿನದಲ್ಲಿ ಕಡಿಮೆ, ವಾರಕ್ಕೆ ಮತ್ತೆ ಜಾಸ್ತಿ. ಆಮೇಲೆ ಮೆಡಿಕಲ್‌ನಲ್ಲಿ ಇನ್ನೂ ಸ್ಟ್ರಾಂಗ್ ಇರುವುದನ್ನು ಕೊಟ್ಟರು. ಐದು ತಿಂಗಳಾಯಿತು. ಈಗ ಸೊಂಟದವರೆಗೂ ಹರಡಿದೆ, ತೊಡೆಯ ಮೇಲೆ ಕೆಂಪು ಗೆರೆ ಬಿದ್ದಿವೆ. 14 ತಿಂಗಳ ಮಗನಿಗೆ ಡೈಪರ್ ಜಾಗ ಕೆಂಪಾದಾಗ ನಾನು ಎರಡು ಸಲ ಇದನ್ನೇ ಹಚ್ಚಿದೆ. ಪಕ್ಕದ ಮನೆಯವರು ಇದು ಸ್ಟೀರಾಯ್ಡ್, ಕಿಡ್ನಿ ಹೋಗುತ್ತೆ ಅಂತ ಹೆದರಿಸಿದ್ದಾರೆ. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಬೇಕಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನೀವು ಬರೆದಿರುವುದನ್ನು ನೋಡಿದರೆ ಯಾರ ಕಿಡ್ನಿಗೂ ಏನೂ ಆಗಿರುವ ಹಾಗೆ ಕಾಣುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಒಂದೇ ಟ್ಯೂಬ್ ಮೂರು ಬೇರೆ ಬೇರೆ ತೊಂದರೆಗಳ ಮೇಲೆ ಓಡಾಡಿದೆ. ನಿಮ್ಮ ಕೈಗೆ ಅದು ಸರಿಯಾದ ಔಷಧ. ನಿಮ್ಮ ಮನೆಯವರಿಗೆ ಅದು ರೋಗ ಬೆಳೆಸುವ ಗೊಬ್ಬರ. ಮಗುವಿಗೆ ಬೇಕಾಗಿಯೇ ಇರಲಿಲ್ಲ. ಹಾಗಾಗಿ "ಈ ಕ್ರೀಮ್ ಒಳ್ಳೆಯದಾ ಕೆಟ್ಟದ್ದಾ" ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾರ ಮೈಗೆ, ಯಾವ ಜಾಗಕ್ಕೆ, ಯಾವ ರೋಗಕ್ಕೆ, ಎಷ್ಟು ದಿನ ಅಂತ ಕೇಳಬೇಕು.

ನಿಮ್ಮ ಟ್ಯೂಬಿನ ಫೋಟೋ ನೋಡಿದೆ. ಅದರಲ್ಲಿರುವುದು ಬೆಟಾಮೆಥಾಸೋನ್ ವ್ಯಾಲರೇಟ್ 0.1%, ಫ್ಯುಸಿಡಿಕ್ ಆ್ಯಸಿಡ್ 2%. ಮೊದಲನೆಯದು ಸ್ಟೀರಾಯ್ಡ್, ಎರಡನೆಯದು ಆಂಟಿಬಯೋಟಿಕ್. ಇವೆರಡರ ಕೆಲಸ ಬೇರೆ ಬೇರೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅಷ್ಟೇ. ಫಂಗಸ್‌ಗೆ ಅದು ಏನೂ ಮಾಡುವುದಿಲ್ಲ. ಸ್ಟೀರಾಯ್ಡ್ ಏನನ್ನೂ ಕೊಲ್ಲುವುದಿಲ್ಲ. ಚರ್ಮದಲ್ಲಿ ಎದ್ದಿರುವ ಉರಿ, ಕೆಂಪು, ಊತ, ತುರಿಕೆಯನ್ನು ಇಳಿಸುತ್ತದೆ. ನಿಮ್ಮ ಕೈಯಲ್ಲಿ ಇದ್ದದ್ದು ಇಸುಬು, ಅಂದರೆ ಎಕ್ಸಿಮಾ. ಸೀಳಿದ ಜಾಗದಲ್ಲಿ ಬ್ಯಾಕ್ಟೀರಿಯಾ ಸೇರಿ ಹಳದಿ ನೀರು ಸೋರುತ್ತಿತ್ತು. ಹಾಗಾಗಿ ನಿಮ್ಮ ಡಾಕ್ಟರ್ ಎರಡೂ ಇರುವ ಕ್ರೀಮ್ ಬರೆದರು, 10 ದಿನ ಅಂತ ಮಿತಿಯನ್ನೂ ಹಾಕಿದರು. ಅದರಲ್ಲಿ ತಪ್ಪೇನೂ ಇಲ್ಲ.

ಎಡವಟ್ಟಾಗಿದ್ದು ಆಮೇಲೆ. ಎರಡನೇ ಸಲ ಕೈ ಒಡೆದಾಗ ಹಳದಿ ನೀರು ಇತ್ತಾ? ನಿಮ್ಮ ಪತ್ರದಲ್ಲಿ ಇಲ್ಲ. ಬರೀ ಒಣಗಿ ಸೀಳಿದ ಇಸುಬಿಗೆ ಆಂಟಿಬಯೋಟಿಕ್ ಬೇಕಿಲ್ಲ. ಬೇಡದ ಕಡೆ ಪದೇ ಪದೇ ಹಚ್ಚಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದ ಹಾಗೆ ಆಗುತ್ತವೆ. ಮುಂದೆ ನಿಜವಾಗಿ ಕೀವು ಕಟ್ಟಿದಾಗ ಅದು ಕೈಕೊಡುತ್ತದೆ. ಈ ಬಗೆಯ ಜೋಡಿ ಕ್ರೀಮನ್ನು ಎರಡು ವಾರಕ್ಕಿಂತ ಹೆಚ್ಚು ಎಳೆಯಬಾರದು ಅನ್ನುವುದು ಇದಕ್ಕೇ. ಕೆಲವು ಟ್ಯೂಬುಗಳಲ್ಲಿ ಫ್ಯುಸಿಡಿಕ್ ಬದಲು ನಿಯೋಮೈಸಿನ್ ಇರುತ್ತದೆ. ಅದು ಕೆಲವರಿಗೆ ಅಲರ್ಜಿ ಮಾಡುತ್ತದೆ. ಇಸುಬಿಗೆ ಹಚ್ಚಿದ ಔಷಧವೇ ಇಸುಬು ತರುತ್ತದೆ, ಜನ ಮಾತ್ರ ಕಾಯಿಲೆ ಜಾಸ್ತಿಯಾಯಿತು ಅಂತ ಅದನ್ನೇ ಇನ್ನಷ್ಟು ಬಳಿಯುತ್ತಾರೆ.

ಎಷ್ಟು ಹಚ್ಚಬೇಕು ಅನ್ನುವುದನ್ನು ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ, ಅಲ್ವಾ? ನಮ್ಮಲ್ಲಿ ಒಂದು ಸುಲಭದ ಅಳತೆ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಸಾಲು ಎಳೆಯಿರಿ. ಅದು ಸುಮಾರು ಅರ್ಧ ಗ್ರಾಂ. ಬೆರಳು ಸೇರಿಸಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ನಿಮಗೆ ಬರೀ ಬೆರಳುಗಳಲ್ಲಿ ಇರುವುದರಿಂದ ಎರಡೂ ಕೈಗೆ ಸೇರಿ ಒಂದು ಹೊತ್ತಿಗೆ ಇಂಥ ಒಂದು ಸಾಲು. ದಿನಕ್ಕೆರಡು ಸಲ ಅಂದರೆ ಒಂದು ಗ್ರಾಂ. ಹತ್ತು ದಿನಕ್ಕೆ ಹತ್ತು ಗ್ರಾಂ. ನಿಮ್ಮ ಡಾಕ್ಟರ್ ಒಂದೇ ಟ್ಯೂಬ್ ಬರೆದಿದ್ದು ಈ ಲೆಕ್ಕಕ್ಕೆ. ಟ್ಯೂಬ್ ಮುಗಿದಾಗ ಕೋರ್ಸೂ ಮುಗಿಯಿತು. ಆ ಚೀಟಿಯೂ ಮುಗಿಯಿತು.

ಹಾಗಂತ ಹೆದರಿ ಕಡಲೆಕಾಳಿನಷ್ಟು ತೆಗೆದು ಎರಡೂ ಕೈಗೆ ಸವರುವುದೂ ಬೇಡ. ಅರೆಬರೆ ಹಚ್ಚಿದರೆ ಇಸುಬು ಪೂರ್ತಿ ಇಳಿಯುವುದಿಲ್ಲ. ಒಂದು ವಾರದ ಕೆಲಸ ಒಂದು ತಿಂಗಳಿಗೆ ಎಳೆಯುತ್ತದೆ. ಸ್ಟೀರಾಯ್ಡ್ ಅಂದ ತಕ್ಷಣ ಟ್ಯೂಬ್ ಕಸದ ಬುಟ್ಟಿಗೆ ಹಾಕಿ ಕೈಯೆಲ್ಲ ರಕ್ತ ಮಾಡಿಕೊಂಡು ಬರುವವರನ್ನೂ ನಾನು ನೋಡುತ್ತೇನೆ. ಅದೂ ನಷ್ಟವೇ.

ಈಗ ಪಕ್ಕದ ಮನೆಯವರ ಮಾತಿಗೆ ಬರೋಣ. ಹಚ್ಚುವ ಸ್ಟೀರಾಯ್ಡ್ ಕಿಡ್ನಿ ಹಾಳು ಮಾಡುತ್ತದೆ ಅನ್ನುವುದು ಸುಳ್ಳು. ಜಿಮ್‌ನಲ್ಲಿ ಕೆಲವರು ತೋಳು ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್ ಬೇರೆ ಜಾತಿ, ಇದು ಬೇರೆ. ಇದು ನಮ್ಮ ದೇಹವೇ ತಯಾರಿಸುವ ಕಾರ್ಟಿಸೋಲ್ ಅನ್ನುವ ಹಾರ್ಮೋನಿನ ಸಂಬಂಧಿ. ಆದರೆ ಹಚ್ಚಿದ ಔಷಧ ಒಂದಿಷ್ಟು ರಕ್ತಕ್ಕೆ ಹೋಗುತ್ತದೆ ಅನ್ನುವುದು ಸುಳ್ಳಲ್ಲ. ಎಷ್ಟು ಹೋಗುತ್ತದೆ ಅನ್ನುವುದು ಜಾಗದ ಮೇಲಿದೆ. 1967ರಲ್ಲೇ ಇದನ್ನು ಅಳೆದು ನೋಡಿದ್ದಾರೆ. ಮೊಣಕೈ ಕೆಳಗಿನ ಚರ್ಮ ಹೀರುವುದನ್ನು ಒಂದು ಅಂತ ಇಟ್ಟುಕೊಂಡರೆ ಅಂಗೈ ಅದಕ್ಕಿಂತ ಸ್ವಲ್ಪ ಕಡಿಮೆ, ಹಣೆ ಸುಮಾರು 6 ಪಟ್ಟು, ಗಂಡಸರ ವೃಷಣದ ಚರ್ಮ ಸುಮಾರು 40 ಪಟ್ಟು. ನಿಮ್ಮ ಅಂಗೈಗೆ ಲೆಕ್ಕ ಹಾಕಿ ಬರೆದ ಔಷಧ ತೊಡೆಸಂದಿಗೆ ಹೋದಾಗ ಏನಾಗುತ್ತದೆ ಅಂತ ಇದರಿಂದಲೇ ಊಹಿಸಬಹುದು.

ನಿಮ್ಮ ಮನೆಯವರ ವಿಷಯವೇ ಇದರಲ್ಲಿ ದೊಡ್ಡದು. ತೊಡೆಸಂದಿಯಲ್ಲಿ ಶುರುವಾಗಿ, ಅಂಚು ಹರಡುತ್ತಾ ಸೊಂಟಕ್ಕೆ ಬಂದ ತುರಿಕೆ ಬಹುಮಟ್ಟಿಗೆ ಹುಳುಕಡ್ಡಿಯೇ ಇರಬೇಕು. ಹೆಸರಲ್ಲಿ ಹುಳ ಇದ್ದರೂ ಅದು ಫಂಗಸ್. ದಿನವಿಡೀ ಎಂಜಿನ್ ಬಿಸಿ ಪಕ್ಕ ಜೀನ್ಸ್ ಹಾಕಿ ಕೂರುವವರಿಗೆ ಇದು ಬೇಗ ಹಿಡಿಯುತ್ತದೆ. ಅವರ ಎರಡನೇ ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ನಿಯೋಮೈಸಿನ್, ಮೈಕೋನಜೋಲ್ ಅಂತ ಇದೆ. ಮೂರು ರೋಗಕ್ಕೆ ಮೂರು ಔಷಧ ಒಂದೇ ಟ್ಯೂಬಿನಲ್ಲಿ, ಯಾವುದಾದರೂ ಒಂದು ತಾಗಲಿ ಅನ್ನುವ ಲೆಕ್ಕಾಚಾರ. ಕ್ಲೋಬೆಟಾಸೋಲ್ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲವಾದ ಗುಂಪಿನದು. ದೊಡ್ಡವರಿಗೂ ಒಮ್ಮೆಗೆ ಎರಡು ವಾರ, ವಾರಕ್ಕೆ 50 ಗ್ರಾಂ ಅದರ ಮಿತಿ. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಅದು ಅಲ್ಲವೇ ಅಲ್ಲ.

ಮೂರು ದಿನದಲ್ಲಿ ತುರಿಕೆ ಹೋಗಿದ್ದು ಹೇಗೆ ಅಂತ ನಿಮಗೆ ಅನ್ನಿಸಬಹುದು. ಫಂಗಸ್ ಬಂದಾಗ ತುರಿಕೆ, ಕೆಂಪು ಬರುವುದು ಚರ್ಮ ಅದರ ಮೇಲೆ ತಿರುಗಿ ಬೀಳುವುದರಿಂದ. ಸ್ಟೀರಾಯ್ಡ್ ಆ ಹೋರಾಟವನ್ನೇ ಮಲಗಿಸುತ್ತದೆ. ಕಳ್ಳ ಒಳಗೆ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಮನೆ ಶಾಂತ, ಕಳ್ಳನಿಗೆ ಪುಕ್ಕಟೆ ಜಾಗ. ಟ್ಯೂಬಿನಲ್ಲಿರುವ ಮೈಕೋನಜೋಲ್ ಒಂದಿಷ್ಟು ಕೆಲಸ ಮಾಡುತ್ತದೆ, ಆದರೆ ತುರಿಕೆ ನಿಂತ ಕೂಡಲೇ ಜನ ಹಚ್ಚುವುದನ್ನು ಬಿಡುತ್ತಾರೆ. ಫಂಗಸ್ ಸಾಯುವಷ್ಟು ದಿನ ಔಷಧ ಹಚ್ಚಿದ ಹಾಗೆ ಆಗುವುದೇ ಇಲ್ಲ. ವಾರಕ್ಕೆ ಮತ್ತೆ ಬಂತು, ಮತ್ತೆ ಹಚ್ಚಿದರು. ಹೀಗೆ ಐದು ತಿಂಗಳು.

ಸ್ಟೀರಾಯ್ಡ್ ಬಿದ್ದ ಹುಳುಕಡ್ಡಿ ವೇಷವನ್ನೂ ಬದಲಿಸುತ್ತದೆ. ಸಾಮಾನ್ಯವಾಗಿ ಅಂಚು ಕೆಂಪಾಗಿ, ನಡುವೆ ತಿಳಿಯಾಗಿ ಉಂಗುರದ ಹಾಗೆ ಇರುತ್ತದೆ. ಇವರದು ಉಂಗುರದೊಳಗೆ ಇನ್ನೊಂದು ಉಂಗುರ, ಅಲ್ಲಲ್ಲಿ ಗುಳ್ಳೆ, ಕೆಲವು ಕಡೆ ಬರೀ ಕಂದು ಕಲೆ ಇರಬಹುದು. ನೋಡಿದರೆ ಡಾಕ್ಟರಿಗೂ ಗೊಂದಲ ಆಗುವ ಹಾಗಿರುತ್ತದೆ. ಹೀಗೆ ವೇಷ ಮರೆಸಿದ ಹುಳುಕಡ್ಡಿಯನ್ನು ವೈದ್ಯರು 1968ರಲ್ಲೇ ಗುರುತಿಸಿ ಬರೆದಿಟ್ಟಿದ್ದಾರೆ. ಆಗ ಅಪರೂಪ ಅನ್ನಿಸಿದ್ದು ಈಗ ನಮ್ಮ ಒಪಿಡಿಯಲ್ಲಿ ದಿನದ ಕೇಸು.

ಇನ್ನೊಂದು ತಲೆನೋವು ಇದೆ. ನಮ್ಮ ದೇಶದಲ್ಲಿ ಈಗ ಹರಡಿರುವ ಫಂಗಸ್ಸೇ ಬೇರೆ ಬಗೆಯದು. ಭಾರತ ಮತ್ತು ನೇಪಾಳದಿಂದ ಹೋದ ಇಬ್ಬರು ರೋಗಿಗಳಲ್ಲಿ ಅದನ್ನು ಕಂಡ ಜಪಾನಿನ ವೈದ್ಯರು 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೇ ಅಂತ ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿದೆ. ಹುಳುಕಡ್ಡಿಗೆ ಬಹಳ ವರ್ಷ ನಂಬಿಕೊಂಡಿದ್ದ ಟರ್ಬಿನಾಫಿನ್ ಮಾತ್ರೆಗೆ ಇದು ಎಷ್ಟೋ ಸಲ ಜಗ್ಗುವುದಿಲ್ಲ. ಹಾಗಾಗಿ ಗೆಳೆಯನಿಗೆ ವಾಸಿಯಾದ ಮಾತ್ರೆ ಇವರಿಗೂ ಆಗುತ್ತದೆ ಅಂತ ತಂದು ನುಂಗಬೇಡಿ.

ಏನು ಮಾಡಬೇಕು? ತೊಡೆಗೆ ಹಚ್ಚುವ ಎರಡೂ ಟ್ಯೂಬ್ ಇವತ್ತೇ ನಿಲ್ಲಲಿ. ಆದರೆ ನಿಲ್ಲಿಸಿ ಸುಮ್ನೆ ಕೂರಬಾರದು. ಎರಡು ಮೂರು ದಿನದಲ್ಲಿ ತುರಿಕೆ, ಕೆಂಪು ಒಮ್ಮೆಲೇ ಏಳಬಹುದು. ಔಷಧ ಬಿಟ್ಟಿದ್ದೇ ತಪ್ಪಾಯಿತು ಅಂತ ಜನ ಮತ್ತೆ ಟ್ಯೂಬ್ ಹಿಡಿಯುವುದು ಇಲ್ಲೇ. ಅದಕ್ಕೇ ನಿಲ್ಲಿಸಿದ ವಾರದಲ್ಲೇ ಚರ್ಮದ ಡಾಕ್ಟರನ್ನು ನೋಡಿ. ತುರಿಕೆಗೆ ಅವರು ಬೇರೆ ಮಾತ್ರೆ ಕೊಡುತ್ತಾರೆ. ಅಂಚಿನಿಂದ ಒಂದಿಷ್ಟು ಹೊಟ್ಟು ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಷ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಕಾಣುತ್ತವೆ. ಹೆಚ್ಚು ಹೊತ್ತು ಹಿಡಿಯುವ ಪರೀಕ್ಷೆ ಅಲ್ಲ, ನೋವೂ ಇಲ್ಲ. ಅಷ್ಟರೊಳಗೆ ಇನ್ನೊಂದು ಮೂರನೇ ಕ್ರೀಮ್ ತಂದು ಹಚ್ಚದಿದ್ದರೆ ಪರೀಕ್ಷೆಗೆ ಅನುಕೂಲ.

ಹುಳುಕಡ್ಡಿ ಅಂತ ಖಚಿತವಾದರೆ ಇಷ್ಟು ಹರಡಿರುವುದಕ್ಕೆ ಹಚ್ಚುವ ಔಷಧ ಮಾತ್ರ ಸಾಲದು, ಮಾತ್ರೆಯೂ ಬೇಕಾಗಬಹುದು. ಈಗ ಹೆಚ್ಚಾಗಿ ಕೊಡುವುದು ಇಟ್ರಾಕೊನಜೋಲ್. ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಈ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ಊಟದ ಜೊತೆ ತೆಗೆದುಕೊಳ್ಳಬೇಕು. ಡ್ರೈವರ್‌ಗಳು ಹೊತ್ತಲ್ಲದ ಹೊತ್ತಿನಲ್ಲಿ ತಿಂದು ಗ್ಯಾಸ್ಟ್ರಿಕ್ ಮಾತ್ರೆ ನುಂಗುವುದು ಸಾಮಾನ್ಯ. ಆ ಮಾತ್ರೆ ಹೊಟ್ಟೆಯ ಆ್ಯಸಿಡ್ ಇಳಿಸಿದರೆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ದುಡ್ಡು ಕೊಟ್ಟು ತಂದ ಔಷಧ ಹಾಗೇ ಹೊರಗೆ ಹೋಗುತ್ತದೆ. ಹೃದಯ ದುರ್ಬಲ ಇರುವವರಿಗೆ ಇದು ಆಗದು, ಲಿವರ್ ತೊಂದರೆ ಇದ್ದರೆ ಎಚ್ಚರ ಬೇಕು, ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ. ಬೇರೆ ಏನೇನು ನುಂಗುತ್ತಾರೆ ಅಂತ ಡಾಕ್ಟರಿಗೆ ಪೂರ್ತಿ ಹೇಳಿ. ಹಚ್ಚುವ ಫಂಗಸ್ ಔಷಧವನ್ನು ಗುರುತು ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಬೇಕು.

ಔಷಧದಷ್ಟೇ ಬಟ್ಟೆಯ ಕಡೆಗೂ ಗಮನ ಬೇಕು. ಒಂದೇ ಜೀನ್ಸ್ ಮೂರು ದಿನ ಹಾಕುವುದು ನಿಲ್ಲಲಿ. ಸಡಿಲವಾದ ಕಾಟನ್ ಪ್ಯಾಂಟ್ ಇರಲಿ. ಟವಲ್, ಲುಂಗಿ, ಒಳಉಡುಪು ಬೇರೆ ಇಟ್ಟು, ಬಿಸಿನೀರಲ್ಲಿ ಒಗೆದು, ಒಳಗಿನ ಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಉಡದಾರ ಕಟ್ಟುತ್ತಾರಾ? ನಾನು ಎಲ್ಲರನ್ನೂ ಕೇಳುವ ಪ್ರಶ್ನೆ ಇದು. ಬೆವರಲ್ಲಿ ನೆನೆದ ದಾರ ವರ್ಷಗಟ್ಟಲೆ ಸೊಂಟದಲ್ಲೇ ಇರುತ್ತದೆ, ಹುಳುಕಡ್ಡಿ ಅದರ ಗುಂಟ ಸುತ್ತು ಬರುತ್ತದೆ. ವಾಸಿಯಾಗುವವರೆಗೆ ತೆಗೆದಿಡಲಿ, ಆಮೇಲೆ ಹೊಸದು ಕಟ್ಟಿಕೊಳ್ಳಲಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮಗೆ, ಮಗುವಿಗೆ ಎಲ್ಲಾದರೂ ಇಂಥದೇ ಕಲೆ ಇದೆಯಾ ಅಂತಲೂ ನೋಡಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಔಷಧ ಮಾಡಿದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ತೊಡೆಯ ಮೇಲಿನ ಗೆರೆಗಳ ಬಗ್ಗೆ ಸತ್ಯ ಹೇಳಿಬಿಡುತ್ತೇನೆ. ಹೆರಿಗೆಯಾದವರ ಹೊಟ್ಟೆ ಮೇಲೆ ಬರುತ್ತವಲ್ಲ, ಅಂಥ ಗೆರೆಗಳೇ ಇವು. ಸ್ಟೀರಾಯ್ಡ್‌ನಿಂದ ಚರ್ಮದ ಒಳಪದರ ಸವೆದು ಬಿಟ್ಟುಕೊಂಡ ಜಾಗ. ಕೆಂಪು ಬಣ್ಣ ತಿಂಗಳುಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಗೆರೆ ಮಾತ್ರ ಉಳಿಯುತ್ತದೆ. ಅಳಿಸುವ ಕ್ರೀಮ್ ಅಂತ ಯಾರಾದರೂ ಮಾರಿದರೆ ತೆಗೆದುಕೊಳ್ಳಬೇಡಿ.

ಮಗುವಿನ ವಿಷಯಕ್ಕೆ ಇಷ್ಟು ಹೆದರಬೇಕಿಲ್ಲ. ಎರಡು ಸಲ ಹಚ್ಚಿ ಬಿಟ್ಟಿದ್ದೀರಿ, ಅದರಿಂದ ತೊಂದರೆ ಆಗುವುದಿಲ್ಲ. ಆದರೆ ಮುಂದೆ ಬೇಡ. ಮಕ್ಕಳ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಅಗಲ ಜಾಸ್ತಿ. ಮೇಲೆ ಡೈಪರ್ ಮುಚ್ಚಿದರೆ ಔಷಧ ಇನ್ನೂ ಹೆಚ್ಚು ಒಳಗೆ ಇಳಿಯುತ್ತದೆ. ವಾರಗಟ್ಟಲೆ ಡೈಪರ್ ಜಾಗಕ್ಕೆ ಪ್ರಬಲ ಸ್ಟೀರಾಯ್ಡ್ ಹಚ್ಚಿ ಮುಖ ಊದಿ, ಬೆಳವಣಿಗೆ ಕುಂಠಿತವಾದ ಮಕ್ಕಳಿದ್ದಾರೆ. ನಿಮ್ಮ ಮಗನಿಗೆ ಡೈಪರ್ ಬೇಗ ಬದಲಿಸಿ, ಬರೀ ನೀರಿನಲ್ಲಿ ತೊಳೆದು ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಮೇಲೆ ಜಿಂಕ್ ಆಕ್ಸೈಡ್ ದಪ್ಪಗೆ ಹಚ್ಚಿ. ಮಡಿಕೆಯ ಒಳಗೂ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ ಎದ್ದರೆ ಅದು ಕ್ಯಾಂಡಿಡಾ ಅನ್ನುವ ಫಂಗಸ್. ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಕೈ. ಔಷಧಕ್ಕಿಂತ ನನಗೆ ಕುತೂಹಲ ಇರುವುದು ನಿಮ್ಮ ಬೆಳ್ಳುಳ್ಳಿಯ ಬಗ್ಗೆ. ನೀವು ಬಲಗೈಯಲ್ಲಿ ಚಾಕು ಹಿಡಿಯುವವರಾದರೆ, ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಉಳಿದವಕ್ಕಿಂತ ಹೆಚ್ಚು ಒಡೆದಿವೆಯಾ ನೋಡಿ. ಬೆಳ್ಳುಳ್ಳಿ ಎಸಳನ್ನು ಒತ್ತಿ ಹಿಡಿಯುವುದು ಆ ಮೂರು ಬೆರಳು. ಅಡುಗೆ ಮಾಡುವವರಲ್ಲಿ ಬೆಳ್ಳುಳ್ಳಿ ಅಲರ್ಜಿಯ ಗುರುತು ಇದು. ತೆಳು ಗ್ಲೌಸ್ ಹಾಕಿದರೂ ಅದರ ರಸ ಒಳಗೆ ಇಳಿಯುತ್ತದೆ. ಸುಲಿಯುವ, ಜಜ್ಜುವ ಕೆಲಸ ಬೇರೆಯವರಿಗೆ ಬಿಡುವುದು, ಇಲ್ಲವೇ ಮಿಕ್ಸಿಗೆ ಹಾಕುವುದು ವಾಸಿ. ಅನುಮಾನ ಇದ್ದರೆ ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆ ಇದೆ. ಪಟ್ಟಿ ಎರಡು ದಿನ ಇರಬೇಕು, ಅಷ್ಟು ದಿನ ಬೆನ್ನಿಗೆ ನೀರು ತಾಗಿಸುವ ಹಾಗಿಲ್ಲ. ಒಂದೇ ಕೈ ಮಾತ್ರ ಹೊಟ್ಟು ಉದುರುತ್ತಿದ್ದರೆ, ಜೊತೆಗೆ ಪಾದವೂ ಒಡೆದಿದ್ದರೆ, ಅದು ಇಸುಬಲ್ಲ, ನಿಮ್ಮ ಕೈಗೂ ಫಂಗಸ್ ಬಂದಿರಬಹುದು. ಆಗ ನಿಮ್ಮ ಟ್ಯೂಬೂ ತಪ್ಪು.

ಎರಡೂ ಕೈಯಲ್ಲಿದೆ, ಇಸುಬೇ ಅಂತ ಡಾಕ್ಟರ್ ಹೇಳಿದರೆ ದಾರಿಗಳು ಹಲವು. ಮತ್ತೆ ಎದ್ದಾಗ ಆಂಟಿಬಯೋಟಿಕ್ ಇಲ್ಲದ ಬರೀ ಸ್ಟೀರಾಯ್ಡ್ ಕೆಲವು ದಿನ. ಇಳಿದ ಮೇಲೆ ಕೆಲವರಿಗೆ ವಾರಕ್ಕೆ ಎರಡೇ ದಿನ ಹಚ್ಚಲು ಹೇಳುತ್ತೇವೆ, ಅದರಿಂದ ಮರುಕಳಿಸುವುದು ಕಡಿಮೆಯಾಗುತ್ತದೆ. ಸ್ಟೀರಾಯ್ಡ್ ಪದೇ ಪದೇ ಬೇಕಾಗುತ್ತಿದ್ದರೆ ಟ್ಯಾಕ್ರೋಲಿಮಸ್ ಆಯಿಂಟ್‌ಮೆಂಟ್ ಇದೆ. ಅದು ಚರ್ಮ ತೆಳು ಮಾಡುವುದಿಲ್ಲ. ಆದರೆ ಮೊದಲ ಕೆಲವು ದಿನ ಚೆನ್ನಾಗಿ ಉರಿಯುತ್ತದೆ, ಸೀಳಿದ ಕೈಗೆ ಇನ್ನೂ ಜಾಸ್ತಿ. ಬೆಲೆಯೂ ಹೆಚ್ಚು. ಇವೆಲ್ಲಕ್ಕಿಂತ ಅಗ್ಗದ್ದು ಪೆಟ್ರೋಲಿಯಂ ಜೆಲ್ಲಿ. ಪ್ರತಿ ಸಲ ಕೈ ತೊಳೆದ ಮೇಲೆ ಅದನ್ನೇ ಹಚ್ಚಿ. ರಾತ್ರಿ ಕೆಲಸ ಮುಗಿದ ಮೇಲೆ ದಪ್ಪಗೆ ಹಚ್ಚಿ ಕಾಟನ್ ಗ್ಲೌಸ್ ಹಾಕಿ ಮಲಗಿ. ಆ ಗ್ಲೌಸ್ ಹಾಕಿಕೊಂಡು ಒಲೆ ಹತ್ತಿರ ಮಾತ್ರ ಹೋಗಬೇಡಿ. ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಪಾತ್ರೆ ತೊಳೆಯುವಾಗ ಒಳಗೆ ಕಾಟನ್, ಮೇಲೆ ದಪ್ಪ ರಬ್ಬರ್ ಗ್ಲೌಸ್. ಸ್ಟೀರಾಯ್ಡ್ ಹಚ್ಚಿದ ಕೈಯಲ್ಲಿ ಕಣ್ಣು ಉಜ್ಜುವ ಅಭ್ಯಾಸ ಇದ್ದರೆ ಬಿಡಿ. ಬಹಳ ದಿನ ಕಣ್ಣಿಗೆ ತಾಗುತ್ತಿದ್ದರೆ ಕಣ್ಣಿನ ಒತ್ತಡ ಏರುವ ಅಪಾಯ ಇದೆ.

ಮೆಡಿಕಲ್‌ನವರು ಚೀಟಿ ಇಲ್ಲದೆ ಕೊಟ್ಟರಲ್ಲ, ಕಾನೂನು ಇಲ್ಲವಾ ಅಂತ ಕೇಳಿದ್ದರೆ ಅದಕ್ಕೂ ಉತ್ತರ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲೆ ಇದೆ. ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ನಿಮಗೇ ಗೊತ್ತು. ಹಾಗಾಗಿ ಟ್ಯೂಬ್ ಕೊಳ್ಳುವಾಗ ಬ್ರಾಂಡಿನ ದೊಡ್ಡ ಹೆಸರು ಬಿಟ್ಟು, ಕೆಳಗಿನ ಸಣ್ಣ ಅಕ್ಷರ ಓದಿಸಿ. ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್, ಕ್ಲೋಬೆಟಾಸೋಲ್. ಕೊನೆಯಲ್ಲಿ "ಸೋನ್", "ಲೋನ್", "ಸೋಲ್" ಬಂದರೆ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಪಡಿ. ಬೆಳ್ಳಗಾಗಲು, ಬಂಗು ಹೋಗಲು ಅಂತ ಕೊಡುವ ಕೆಲವು ಟ್ಯೂಬುಗಳಲ್ಲೂ ಮೊಮೆಟಾಸೋನ್ ಇರುತ್ತದೆ. ತಿಂಗಳುಗಟ್ಟಲೆ ಅದನ್ನು ಮುಖಕ್ಕೆ ಹಚ್ಚಿ, ಬಿಟ್ಟರೆ ಉರಿ, ಹಚ್ಚಿದರೆ ಮೊಡವೆ ಅಂತ ಸಿಕ್ಕಿಬಿದ್ದ ಹುಡುಗಿಯರ ಕಥೆಯೇ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗ ಇಲ್ಲವೇ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ (ಹಿಂದಿನ ಹೆಸರು ಕಿಮ್ಸ್) ನೀವಿಬ್ಬರೂ ಒಟ್ಟಿಗೇ ಹೋಗಿ. ತೊಡೆಸಂದಿ ತೋರಿಸಲು ನಾಚಿಕೆ ಅಂತ ಗಂಡಸರು ಹೆಂಡತಿಯ ಕೈಯಲ್ಲಿ ಫೋಟೋ ಕಳಿಸುವುದುಂಟು. ಫೋಟೋದಿಂದ ಹೊಟ್ಟು ಕೆರೆಯಲು ಬರುವುದಿಲ್ಲ. ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಈ ನಡುವೆ ಯಾರಿಗಾದರೂ ಜ್ವರ ಬಂದರೆ, ಕೆಂಪು ಗಂಟೆಗಂಟೆಗೆ ಹರಡುತ್ತಾ ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ, ಕೀವು ಕಟ್ಟಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಹತ್ತಿರದ ಡಾಕ್ಟರನ್ನು ನೋಡಿ.